ಒಂದು ಸಿನಿಮಾನೂ ಪೂರ್ತಿ ನೋಡಕ್ಕಾಗ್ತಿಲ್ಲ, ನಂಗೊಬ್ಬನಿಗೇನಾ ಹಿಂಗೆ?

ಗಾಂಧಿಕ್ಲಾಸ್_ತಿಪಟೂರು

ನಮಸ್ಕಾರ ಎಲ್ರಿಗೂ. ತುಂಬಾ ದಿನದಿಂದ ಕೇಳ್ಬೇಕು ಅಂತಿದ್ದೆ, ಯಾಕೋ ನಾಚಿಕೆ ಆಗಿ ಸುಮ್ನಿದ್ದೆ. ನಂಗೆ ಸಿನಿಮಾ ನೋಡಕ್ಕೆ ಬರ್ತಿಲ್ಲ ಈಗ. ಟೈಮ್ ಇಲ್ಲ ಅಂತಲ್ಲ, ಟೈಮ್ ಇದೆ, 55 ಇಂಚಿನ ಟಿವಿ ಇದೆ, ಮೂರು ಓಟಿಟಿಗೆ ದುಡ್ಡು ಕಟ್ತಿದ್ದೀನಿ. ರಾತ್ರಿ ಊಟ ಆದ್ಮೇಲೆ ಕೂತ್ಕೋತೀನಿ, ಅರ್ಧ ಗಂಟೆ ಯಾವ್ದು ನೋಡೋದು ಅಂತ ಹುಡುಕ್ತೀನಿ, ಕೊನೇಗೆ ಒಂದು ಹಾಕ್ತೀನಿ, ಹೆಸರು ಬರೋದು ಮುಗಿಯೋ ಹೊತ್ಗೆ ಕೈಲಿ ಫೋನ್ ಇರುತ್ತೆ. ಯಾವಾಗ ತಗೊಂಡೆ ಅಂತ ನಂಗೇ ಗೊತ್ತಿರಲ್ಲ.

ಹೋದ್ವಾರ ಒಂದು ಮರ್ಡರ್ ಮಿಸ್ಟರಿ ಹಾಕಿದ್ವಿ. ಒಂದು ಗಂಟೆ ಆದ್ಮೇಲೆ ನನ್ ಹೆಂಡ್ತಿ "ಯಾರು ಕೊಂದಿರ್ಬೋದು ರೀ" ಅಂದ್ಲು. ಕೊಂದಿದ್ದು ಯಾರು ಅನ್ನೋದು ಹಾಗಿರ್ಲಿ, ಸತ್ತಿದ್ದು ಯಾರು ಅಂತಾನೇ ಗೊತ್ತಿರ್ಲಿಲ್ಲ ನಂಗೆ. ಅವ್ಳು ಟಿವಿ ಆಫ್ ಮಾಡಿ ಮಲಗಕ್ಕೆ ಹೋದ್ಲು.

ಇದೇ ನಾನು ಪಿಯುಸಿಲಿ ಇದ್ದಾಗ ಹೊಸ ಪಿಕ್ಚರ್ ಬಂತು ಅಂದ್ರೆ ಸೈಕಲ್ ತಳ್ಳಿಕೊಂಡು ಹೋಗಿ ಗಾಂಧಿ ಕ್ಲಾಸಲ್ಲಿ ಕತ್ತು ಎತ್ಕೊಂಡು ಎರಡೂಮುಕ್ಕಾಲು ಗಂಟೆ ನೋಡಿ, ಆಚೆ ಬಂದಾಗ ಬಿಸ್ಲು ಕಣ್ಣಿಗೆ ಚುಚ್ಚಿ ನಾನು ಯಾವೂರಲ್ಲಿದ್ದೀನಿ ಅಂತ ಒಂದು ನಿಮಿಷ ತಿಳೀತಿರ್ಲಿಲ್ಲ. ಆ ಒಂದು ನಿಮಿಷ ಇದ್ಯಲ್ಲ, ಅದು ಎಲ್ಲೋಯ್ತು? ನನ್ ವಯಸ್ಸು 41. ಇದು ವಯಸ್ಸಿಂದಾ, ಫೋನಿಂದಾ, ತಲೇಲೇ ಏನಾದ್ರೂ ಕೆಟ್ಟಿದ್ಯಾ?

ರಾಜಾಜಿನಗರ_ರೆಬೆಲ್

ನಿಮ್ ತಲೆ ಸರ್ಯಾಗೇ ಇದೆ ಗುರು, ಸಿನಿಮಾ ಕೆಟ್ಟಿರೋದು. ಹೀರೋ ಬರೋದಕ್ಕೇ ಹತ್ತು ನಿಮಿಷ ಸ್ಲೋ ಮೋಷನ್, ಆಮೇಲೆ ಬಿಜಿಎಂ ಕಿವಿ ಹರಿಯೋ ಹಂಗೆ, ಕತೆ ಪಾರ್ಟ್ ಟೂಗೆ. ಯಾವನು ನೋಡ್ತಾನೆ.

ಗಾಂಧಿಕ್ಲಾಸ್_ತಿಪಟೂರು

ನಾನೂ ಹಂಗೇ ಅನ್ಕೊಂಡಿದ್ದೆ. ಆದ್ರೆ ಆಗ ಇಷ್ಟಪಟ್ಟು ನಾಲ್ಕು ಸಲ ನೋಡಿದ್ದ ಪಿಕ್ಚರನ್ನೇ ಮೊನ್ನೆ ಹಾಕ್ದೆ. 25 ನಿಮಿಷ. ಸಿನಿಮಾ ಬದ್ಲಾಗಿಲ್ವಲ್ಲ, ಅದೇ ಸಿನಿಮಾ ತಾನೆ.

ಬಾಳೆಹೊನ್ನೂರು_ಬೈಕರ್

ಫೋನ್ ಪಕ್ಕದ್ ರೂಮಲ್ಲಿಟ್ಟು ಬಾಗ್ಲು ಹಾಕಿ. ಮುಗೀತು ಕತೆ. ಇದಕ್ಕೆಲ್ಲ ಚರ್ಚೆ ಬೇಕಾ?

ಗಾಂಧಿಕ್ಲಾಸ್_ತಿಪಟೂರು

ಇಟ್ಟು ನೋಡಿದ್ದೀನಿ ಸರ್. ಮೂರು ಸಲ ನೀರು ಕುಡಿಯಕ್ಕೆ ಎದ್ದೆ. ಫೋನ್ ಇಲ್ದಿದ್ರೂ ತಲೆ ಅದ್ರಷ್ಟಕ್ಕದೇ ಸ್ಕ್ರಾಲ್ ಮಾಡುತ್ತೆ. ಗ್ಯಾಸ್ ಬುಕ್ ಮಾಡಿದ್ನಾ, ಮಗನ ಸ್ಕೂಲ್ ವ್ಯಾನ್ ಫೀಸು, ಆಫೀಸಲ್ಲಿ ಅವ್ನು ಯಾಕೆ ಹಂಗಂದ, ಹಿಂಗೇ.

ಗಿರ್ಮಿಟ್_ಅಕ್ಕ

ನಮ್ಮನ್ಯಾಗ ಬ್ಯಾರೆನ ಐತ್ರಿ. ನಮ್ಮವ್ವ ಅರವತ್ತೆಂಟು ವರ್ಷದಾಕಿ, ಸಂಜಿ ಆರರಿಂದ ರಾತ್ರಿ ಹತ್ತರ ತನಕ ಧಾರಾವಾಹಿ ಬಂದ್ ಮಾಡಂಗಿಲ್ಲ. ಎಲ್ಲಾರೂ ಏನಂತಾರ, ಅವ್ವಾರ ಎಷ್ಟು ಮಗ್ನ ಆಗಿ ನೋಡ್ತಾರ ಅಂತಾರ. ಅಕಿ ನೋಡೂದ ಇಲ್ರಿ, ಬರೇ ಕೇಳ್ತಾಳ. ರೊಟ್ಟಿ ಬಡಿಯೂದು, ಪಲ್ಯಾ ಸೋಸೂದು, ನಡುವ ನಮ್ಮ ಚಿಗವ್ವಗ ಫೋನ್ ಹಚ್ಚಿ "ನೋಡಿದೇನ ಅಕಿ ಹೆಂತಾಕಿ ಅದಾಳ" ಅಂತ ಬೈಯೂದು. ನಾಲ್ಕ್ ದಿನ ಬಿಟ್ಟು ಬಂದ್ರೂ ಕತಿ ಅಲ್ಲೇ ನಿಂತಿರ್ತದ ಅಂತ ಅಕಿಗೆ ಗೊತ್ತು.

ನನಗ ಮಾತ್ರ ಅಕಿ ಬಾಜೂಕ ಕುಂತ್ರ ನೋಡಾಕ ಆಗತೈತಿ. ಒಬ್ಬಾಕಿನ ಕುಂತ್ರ ಹತ್ತ್ ನಿಮಿಷಕ್ಕ ಬ್ಯಾಸರ.

ಟೈಮ್‌ಲೈನ್_ಕೂಲಿ

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಹತ್ತು ವರ್ಷದಿಂದ ಸೀರಿಯಲ್ ಎಡಿಟಿಂಗಲ್ಲಿ ಇದ್ದೀನಿ, ಹೆಸರು ಚಾನೆಲ್ ಕೇಳ್ಬೇಡಿ. ನಿಮ್ಮವ್ವ ಅಡುಗೆಮನೇಲಿ ಇರ್ತಾರೆ ಅಂತ ಗೊತ್ತಿಟ್ಕೊಂಡೇ ನಾವು ಕಟ್ ಮಾಡೋದು. ಒಬ್ಳು ಸತ್ಯ ಹೇಳಿದ್ಲು ಅಂದ್ರೆ ಅದಕ್ಕೆ ಮನೆಯವರೆಲ್ಲರ ಮುಖ ಒಂದೊಂದಾಗಿ, ಪ್ರತಿ ಮುಖಕ್ಕೂ ಒಂದು ಢಂ. ಆ ಢಂ ಇರೋದು ಯಾಕೆ ಗೊತ್ತಾ, ಒಗ್ಗರಣೆ ಸದ್ದಲ್ಲೂ ಕೇಳಿಸ್ಲಿ, ಓಡಿ ಬಂದು ನೋಡ್ಲಿ ಅಂತ. ಬರೋ ಹೊತ್ಗೆ ಆ ಮುಖ ಇನ್ನೂ ಅಲ್ಲೇ ಇರ್ಬೇಕು, ಅದಕ್ಕೇ ಮೂರು ಸಲ ತೋರ್ಸೋದು. ಡೈಲಾಗಲ್ಲೇ ಎಲ್ಲಾ ಹೇಳಿಸ್ತೀವಿ, "ಅಯ್ಯೋ ಬಾಗ್ಲು ತೆಗೆದಿದೆಯಲ್ಲ" ಅಂತ. ಬಾಗ್ಲು ತೆಗೆದಿರೋದು ಸ್ಕ್ರೀನಲ್ಲಿ ಕಾಣುತ್ತೆ ಆದ್ರೂ ಹೇಳ್ಬೇಕು. ಜನ ಬೈತಾರೆ, ಬೈಲಿ, ಗುರುವಾರ ರೇಟಿಂಗ್ ಬರುತ್ತೆ, ಆ ನಂಬರ್ ನೋಡಿ ಮುಂದಿನ ವಾರದ ಕತೆ.

ಇದೇ ಬುದ್ಧಿ ಈಗ ಓಟಿಟಿಗೂ ಬಂದಿದೆ. ನೀವು ಫೋನ್ ನೋಡ್ತಾ ಇರ್ತೀರ ಅಂತ ಅನ್ಕೊಂಡೇ ಬರೀತಾರೆ. ಹಂಗೆ ಬರೆದಿದ್ದನ್ನ ಗಮನ ಕೊಟ್ಟು ನೋಡಿದ್ರೆ ಬೋರ್ ಆಗ್ದೇ ಇನ್ನೇನಾಗುತ್ತೆ, ಒಂದೇ ಮಾತು ಎರಡು ಸಲ ಕೇಳಿಸುತ್ತೆ. ಬೋರ್ ಆಗಿದ್ದಕ್ಕೆ ಮತ್ತೆ ಫೋನ್. ಗಾಣದ ಎತ್ತಿನ ಥರ.

ಟೂಎಕ್ಸ್_ಹೈದ

ನಂಗೆ 21. ನಾನ್ ಯಾವ್ ಸಿನಿಮಾನೂ ಒನ್ ಎಕ್ಸಲ್ಲಿ, ಅಂದ್ರೆ ಮಾಮೂಲಿ ಸ್ಪೀಡಲ್ಲಿ, ನೋಡಲ್ಲ. ಸೀರೀಸ್ ಆದ್ರೆ ಒಂದೂವರೆ, ಹಾಡು ಸ್ಕಿಪ್, ಲವ್ ಸೀನ್ ಹತ್ತು ಸೆಕೆಂಡ್ ಹತ್ತು ಸೆಕೆಂಡ್ ಮುಂದಕ್ಕೆ. ತೀರಾ ಉದ್ದ ಇದ್ರೆ 12 ನಿಮಿಷದ ಎಕ್ಸ್‌ಪ್ಲೇನ್ಡ್ ವಿಡಿಯೋ ನೋಡ್ತೀನಿ. ಕತೆ ಗೊತ್ತಾದ್ರೆ ಸಾಕಲ್ವಾ? ಎಲ್ರೂ ಇದನ್ನ ಏನೋ ಕಾಯಿಲೆ ಥರ ಮಾತಾಡ್ತಿದ್ದೀರ.

ನಿವೃತ್ತ_ಮೇಷ್ಟ್ರು_ಹಾಸನ

ಮಗು, ಮದುವೆಗೆ ಹೋಗದೆ ಆಲ್ಬಮ್ ನೋಡಿದ ಹಾಗಾಯ್ತು.

ಟೂಎಕ್ಸ್_ಹೈದ

ಮದ್ವೆಗಿಂತ ಆಲ್ಬಮ್ಮೇ ವಾಸಿ ಸರ್ 😂 ಕ್ಯೂ ನಿಲ್ಲಂಗಿಲ್ಲ.

ಇನ್ನೊಂದು ಹೇಳ್ತೀನಿ, ನಾನು ಗೇಮಿಗೆ ಕೂತ್ರೆ ನಾಲ್ಕು ಗಂಟೆ ಫೋನ್ ಮುಟ್ಟಲ್ಲ, ಊಟಕ್ಕೆ ಕರೆದ್ರೂ ಕೇಳ್ಸಲ್ಲ, ಅಮ್ಮ ಬಂದು ತಲೆಗೆ ಮೊಟಕ್ಬೇಕು. ಹಂಗಾದ್ರೆ ನಂಗೆ ಗಮನ ಇಲ್ಲ ಅಂತ ಹೆಂಗ್ ಹೇಳ್ತೀರ.

ಕೌನ್ಸೆಲರ್_ಶಿವಮೊಗ್ಗ

ಈ ಹುಡುಗ ಹೇಳಿದ್ದು ತಮಾಷೆಯಾಗಿ ಇದ್ರೂ ಮುಖ್ಯವಾದ ಮಾತು. ಗಮನ ಅನ್ನೋದು ಟ್ಯಾಂಕಲ್ಲಿರೋ ನೀರಲ್ಲ, ಖಾಲಿ ಆಯ್ತು ಅನ್ನೋಕೆ. ಗೇಮಲ್ಲಿ ಪ್ರತಿ ಸೆಕೆಂಡ್ ಅವನ ಕೈಲಿದೆ. ಸಿನಿಮಾದಲ್ಲಿ ಏನೂ ಅವನ ಕೈಲಿಲ್ಲ, ಇನ್ನೊಬ್ಬರು ನಡೆದ ಹಾಗೆ ನಾವು ಹಿಂದೆ ನಡೀಬೇಕು. ಅಭ್ಯಾಸ ತಪ್ಪಿರೋದು ಅದು.

ಇನ್ನು, ಈ ಥರ ಚರ್ಚೇಲಿ ಯಾರಾದ್ರೂ ಬಂದು ಮನುಷ್ಯರ ಗಮನ 8 ಸೆಕೆಂಡು, ಗೋಲ್ಡ್‌ಫಿಶ್ಶಿಗಿಂತ ಕಡಿಮೆ ಅಂತ ಹಾಕೇ ಹಾಕ್ತಾರೆ, ದಯವಿಟ್ಟು ಬೇಡ, ಅದಕ್ಕೆ ಗಟ್ಟಿ ಆಧಾರ ಇಲ್ಲ. ಆಧಾರ ಇರೋದು ಅಂದ್ರೆ ಗ್ಲೋರಿಯಾ ಮಾರ್ಕ್ ಅನ್ನೋ ಕ್ಯಾಲಿಫೋರ್ನಿಯಾದ ಪ್ರೊಫೆಸರ್ ಕೆಲಸ. 2004ರಲ್ಲಿ ಆಫೀಸಿನ ಜನ ಒಂದು ಸ್ಕ್ರೀನ್ ಮೇಲೆ ಸರಾಸರಿ ಎರಡೂವರೆ ನಿಮಿಷ ಇರ್ತಿದ್ರು, 2012ರ ಹೊತ್ತಿಗೆ 75 ಸೆಕೆಂಡು, ಆಮೇಲಿನ ವರ್ಷಗಳಲ್ಲಿ 47 ಸೆಕೆಂಡಿನ ಆಸುಪಾಸು. ಆದ್ರೆ ಅದು ಕಂಪ್ಯೂಟರ್ ಮುಂದೆ ಕೆಲಸ ಮಾಡೋವಾಗಿನ ಲೆಕ್ಕ, ಥಿಯೇಟರಲ್ಲಿ ಕೂತಾಗಿಂದಲ್ಲ. ಅವರ ಇನ್ನೊಂದು ಮಾತು ನಂಗೆ ಹೆಚ್ಚು ಮುಖ್ಯ ಅನ್ಸುತ್ತೆ: ಹೊರಗಿಂದ ಯಾರೂ ತಡೀದಿದ್ರೂ ಜನ ತಮ್ಮನ್ನ ತಾವೇ ತಡ್ಕೋತಾರೆ. ತಿಪಟೂರಿನವರು ಮೂರು ಸಲ ನೀರಿಗೆ ಎದ್ದಿದ್ದು ಅದೇ.

ತಿಪಟೂರಿನವರಿಗೆ ಎರಡು ಪ್ರಶ್ನೆ. ಸಿನಿಮಾ ಒಂದೇ ರುಚಿ ಇಲ್ವಾ ಅಥವಾ ಊಟ, ಸ್ನೇಹಿತರು, ಹಾಡು ಯಾವುದೂ ಬೇಡ ಅನ್ಸುತ್ತಾ? ನಿದ್ದೆ ಹೇಗಿದೆ? ಎಲ್ಲದರಲ್ಲೂ ಆಸಕ್ತಿ ಹೋಗಿ ಎರಡು ವಾರಕ್ಕಿಂತ ಜಾಸ್ತಿ ಆಗಿದ್ರೆ ಅದು ಖಿನ್ನತೆ ಇರ್ಬೋದು, ಆಗ ಫೋನಿಗೆ ಬೈದು ಪ್ರಯೋಜನ ಇಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಫೋನ್ ಚಟವೇ ಜಾಸ್ತಿ ಆಗಿದ್ರೆ ನಿಮ್ಹಾನ್ಸಲ್ಲಿ ಅದಕ್ಕೇ ಅಂತ ಶಟ್ ಕ್ಲಿನಿಕ್ 2014ರಿಂದ ಇದೆ.

ಎರಡನೇ ಪ್ರಶ್ನೆ, ಇದು ಯಾವಾಗಿಂದ? ಸುಮಾರಾಗಿ ಹೇಳ್ಬೇಡಿ, ಕೊನೇ ಸಲ ಪೂರ್ತಿ ನೋಡಿದ್ದು ಯಾವಾಗ ಅಂತ ನೆನಪು ಮಾಡ್ಕೊಳ್ಳಿ.

ಕುಂದಾಪ್ರ_ಚಾ

ನಾನೊಂದು ಹೇಳುದಾ? ಎಲ್ಲರೂ ಹಿಂದಿನವರಿಗೆ ಭಾರೀ ಏಕಾಗ್ರತೆ ಇತ್ತು ಹೇಳಿ ಗ್ರಹಿಸಿದ್ದೀರಿ. ನಮ್ಮ ಅಜ್ಜ ಆಟದ ಮರ್ಲು ಇದ್ದವರು, ರಾತ್ರಿ ಇಡೀ ಯಕ್ಷಗಾನ ನೋಡ್ತಾರೆ ಹೇಳಿ ಊರಲ್ಲಿ ಹೆಸರು. ನಾನು ಸಣ್ಣದಿರುವಾಗ ಅವರೊಟ್ಟಿಗೆ ಹೋದವ, ನಿಜ ಹೇಳ್ತೇನೆ. ಹತ್ತು ಗಂಟೆಗೆ ಚಾಪೆ ಹಾಸಿ ಕೂತ್ರೆ ಒಂದು ಗಂಟೆಗೆ ಅಜ್ಜ ಗೊರಕೆ ಮಾರ್ರೆ. ಮಹಿಷಾಸುರನ ಪ್ರವೇಶಕ್ಕೆ ಚೆಂಡೆ ಪೆಟ್ಟು ಬಿದ್ದ ಕೂಡ್ಲೆ ಎದ್ದು ಕೂರುದು, ದೊಂದಿ ಹಿಡ್ಕೊಂಡು ಜನರ ಮಧ್ಯದಿಂದಲೇ ಬರುದಲ್ವಾ ಅದು, ನಾನು ಅಜ್ಜನ ಬೆನ್ನ ಹಿಂದೆ. ಅದಾದ ಮೇಲೆ ಚರ್ಮುರಿ, ಚಾ, ಯಾರೊಟ್ಟಿಗೋ ಅಡಿಕೆ ರೇಟಿನ ಮಾತು, ಮತ್ತೆ ನಿದ್ರೆ, ಬೆಳಗ್ಗೆ ಮಂಗಳ ಹಾಡುವಾಗ ಎಚ್ಚರ. ಮನೆಗೆ ಬಂದು ಅಜ್ಜಿಗೆ ಇಡೀ ಪ್ರಸಂಗ ಹೇಳುದು! ಕತೆ ಮೊದಲೇ ಗೊತ್ತುಂಟಲ್ಲ.

ಅವರು ಆ ಜಾಗ ಬಿಟ್ಟು ಏಳ್ಲಿಲ್ಲ, ಅಷ್ಟೇ. ಮನಸ್ಸು ಹೋಗಿ ಬರ್ತಿತ್ತು, ದೇಹ ಅಲ್ಲೇ ಇತ್ತು. ನಮ್ಮದು ದೇಹ ಸೋಫಾದಲ್ಲಿ ಇದ್ರೂ ಹೋದ ಮನಸ್ಸು ವಾಪಸ್ ಬರುದಿಲ್ಲ. ಈಗ ಬಹಳ ಮೇಳಗಳೂ ಕಾಲಮಿತಿ ಆಗಿವೆ, ರಾತ್ರಿ ಇಡೀ ಮಲಗ್ಲಿಕ್ಕೆ ಜಾಗ ಇಲ್ಲ 😀

ಗಿರ್ಮಿಟ್_ಅಕ್ಕ

"ಮನಸ್ಸು ಹೋಗಿ ಬರ್ತಿತ್ತು" ಭಾಳ ಚಲೋ ಹೇಳಿದ್ರಿ.

ಎರಡ್ಮಕ್ಕಳ_ತಾಯಿ_ಮೈಸೂರು

ನಂದು ಬೇರೇನೇ ಕಾರಣ, ಯಾರಾದ್ರೂ ಹಿಂಗೆ ಅನುಭವಿಸಿದ್ದೀರಾ ಹೇಳಿ. ಮಕ್ಕಳು ಮಲಗಿದ್ಮೇಲೆ ಸೌಂಡ್ ಕಮ್ಮಿ ಮಾಡ್ಕೊಂಡು 15 ನಿಮಿಷ 15 ನಿಮಿಷ ಅಂತ ಒಂದು ಸಿನಿಮಾನ ಒಂದು ವಾರ ನೋಡ್ತೀನಿ, ಅದು ಪರ್ವಾಗಿಲ್ಲ. ಆದ್ರೆ ಮೊದ್ಲು ಥ್ರಿಲ್ಲರ್ ಅಂದ್ರೆ ಪ್ರಾಣ, ಈಗ ಮಗುಗೆ ಏನೋ ಆಗ್ಬೋದು ಅನ್ನೋ ಸೂಚನೆ ಬಂದ್ರೆ ಸಾಕು, ಸ್ಟಾಪ್ ಮಾಡಿ ಮೊದ್ಲು ನೆಟ್ಟಲ್ಲಿ ಕೊನೆ ಏನಾಗುತ್ತೆ ಅಂತ ಓದ್ತೀನಿ. ಓದಿದ್ಮೇಲೆ ನೋಡೋ ಆಸೆ ಹೋಗುತ್ತೆ. ಎಲ್ರೂ ಮುಳುಗಕ್ಕೆ ಆಗ್ತಿಲ್ಲ ಅಂತಿದ್ದೀರ, ನಂಗೆ ಮುಳುಗಕ್ಕೇ ಭಯ. ಅಡುಗೆ ವಿಡಿಯೋ ನೋಡ್ತೀನಿ ಈಗ, ಅದ್ರಲ್ಲಿ ಯಾರಿಗೂ ಏನೂ ಆಗಲ್ಲ.

ಸಿಯಾಟಲ್_ಸೋಮಾರಿ

ನಾನು ಕಂಡ್ಕೊಂಡ ಒಂದು ಉಪಾಯ. ಕನ್ನಡ, ಇಂಗ್ಲಿಷ್ ಹಾಕಿದ್ರೆ ಹತ್ತು ನಿಮಿಷಕ್ಕೆ ಫೋನ್, ಯಾಕಂದ್ರೆ ಕಿವಿ ಒಂದಿದ್ರೆ ಸಾಕು ಕತೆ ನಡೀತಿರುತ್ತೆ. ಕೊರಿಯನ್ ಸೀರೀಸ್ ಆದ್ರೆ ಕಣ್ಣು ಕಿತ್ತರೆ ಏನೂ ಅರ್ಥ ಆಗಲ್ಲ, ಸಬ್‌ಟೈಟಲ್ ಓದ್ಲೇಬೇಕು. ಹಂಗಾಗಿ ಕೊರಿಯನ್ ಮಾತ್ರ ಪೂರ್ತಿ ನೋಡಿದ್ದೀನಿ. ನಮ್ ಭಾಷೆ ಚೆನ್ನಾಗಿ ಬರೋದೇ ತೊಂದ್ರೆ ಆಯ್ತು ನೋಡಿ.

ನಿವೃತ್ತ_ಮೇಷ್ಟ್ರು_ಹಾಸನ

1998ರಲ್ಲಿ ದೂರದರ್ಶನದಲ್ಲಿ ಮಾಯಾಮೃಗ ಬರುತ್ತಿದ್ದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಮರುದಿನ ಅದೇ ಮಾತು. ಇವತ್ತಿನ ಕಂತು ತಪ್ಪಿದರೆ ತಪ್ಪಿತು, ಹಿಂದಕ್ಕೆ ಹೋಗುವ ಹಾಗಿಲ್ಲ. ಹಾಗಾಗಿ ಕೂತು ನೋಡುತ್ತಿದ್ದೆವು, ಅಷ್ಟೇ ಹೊರತು ನಮಗೇನು ಋಷಿಗಳ ತಪಸ್ಸು ಇರಲಿಲ್ಲ.

ಆದರೆ ನನ್ನ ಈಗಿನ ಅನುಭವ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಎರಡು ವರ್ಷ ನಾನೂ ಸಿನಿಮಾ ಸಾಕು ಅಂತ ಬಿಟ್ಟಿದ್ದೆ. ಆಸಕ್ತಿ ಹೋಯಿತು, ವಯಸ್ಸಾಯಿತು ಅಂದುಕೊಂಡೆ. ಮಗಳು ಎಳೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದಳು, ನೋಡಿದರೆ ಎರಡೂ ಕಿವಿ ಮಂದ. ಪಾತ್ರಗಳು ಮೆಲ್ಲಗೆ ಮಾತಾಡಿದ್ದು ಕೇಳದೆ ತಲೆ ದಣಿಯುತ್ತಿತ್ತು, ಆ ದಣಿವನ್ನು ನಾನು ಬೇಸರ ಅಂದುಕೊಂಡಿದ್ದೆ. ಈಗ ಯಂತ್ರ ಹಾಕಿಕೊಂಡು ಸಬ್‌ಟೈಟಲ್ ಹಾಕಿ ನೋಡುತ್ತೇನೆ. ಮೊನ್ನೆ ತಿಥಿ ಸಿನಿಮಾ ನೋಡಿದೆ, ಮಂಡ್ಯದ ಹಳ್ಳಿಯವರೇ ಪಾತ್ರ ಮಾಡಿದ್ದಾರಲ್ಲ, ಆ ಗಡ್ಡಪ್ಪ ಸುಮ್ಮನೆ ನಡೆಯುತ್ತಾ ಹೋಗುವುದನ್ನೇ ನೋಡುತ್ತಾ ಕೂತೆ.

ಟೈಮ್‌ಲೈನ್_ಕೂಲಿ

ಮೇಷ್ಟ್ರೇ, ಕಿವಿ ಸರಿ ಇರೋರಿಗೂ ಈ ತೊಂದ್ರೆ ಇದೆ. ಸಿನಿಮಾ ಸೌಂಡ್ ಮಿಕ್ಸ್ ಮಾಡೋದು 5.1ಕ್ಕೆ, ಅಂದ್ರೆ ಸುತ್ತ ಆರು ಸ್ಪೀಕರ್ ಇರೋ ಲೆಕ್ಕಕ್ಕೆ, ಮಾತು ಮಧ್ಯದ ಸ್ಪೀಕರಿಂದ ಬರುತ್ತೆ. ಮನೆ ಟಿವಿಲಿ ಇರೋದು ತೆಳ್ಳಗಿನ ಎರಡು ಸ್ಪೀಕರು, ಅದೂ ಕೆಳಕ್ಕೆ ಮುಖ ಮಾಡಿರುತ್ತೆ. ಮಾತು ಪಿಸುಪಿಸು, ಫೈಟು ಢಮಾರ್. ರಿಮೋಟ್ ಹಿಡ್ಕೊಂಡು ಏರಿಸೋದು ಇಳಿಸೋದೇ ಕೆಲಸ, ಮುಳುಗೋದೆಲ್ಲಿಂದ ಬಂತು. ಸೆಟ್ಟಿಂಗ್ಸಲ್ಲಿ ಸ್ಟೀರಿಯೋಗೆ ಹಾಕಿ ನೋಡಿ, ಎಷ್ಟೋ ವಾಸಿ.

ರಾಜಾಜಿನಗರ_ರೆಬೆಲ್

ನಾನಿನ್ನೂ ಅದೇ ಹೇಳೋದು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂತು, ಡೇಟಾ ಅಗ್ಗ ಆಯ್ತು. 2020ರ ಜೂನಲ್ಲಿ ಟಿಕ್‌ಟಾಕ್ ಬ್ಯಾನ್ ಆಯ್ತು, ಜುಲೈಗೆ ರೀಲ್ಸ್ ಬಂತು. ಎಲ್ರೂ ಲಾಕ್‌ಡೌನಲ್ಲಿ ಮನೇಲಿ. ಇಷ್ಟೇ ಕತೆ, ಇದಕ್ಕೆ ಅಜ್ಜ, ಕಿವಿ, ಕೊರಿಯಾ ಎಲ್ಲಾ ಯಾಕೆ ತರ್ತೀರ. ಮೊನ್ನೆ ಮಲ್ಟಿಪ್ಲೆಕ್ಸಲ್ಲಿ ನನ್ ಮುಂದಿನ ಸಾಲಲ್ಲಿ ಒಬ್ಬ ಸಿನಿಮಾ ನಡೀತಾ ಇರೋವಾಗ್ಲೇ ರೀಲ್ಸ್ ನೋಡ್ತಾ ಕೂತಿದ್ದ. ಟಿಕೆಟ್ಟಿಗೆ 400 ಕೊಟ್ಟು! ಪಾಪ್‌ಕಾರ್ನ್ ಬೇರೆ.

ಬಾಳೆಹೊನ್ನೂರು_ಬೈಕರ್

ಮೊದ್ಲು ಸಿನಿಮಾ ಚೆನ್ನಾಗಿಲ್ಲ ಅಂದ್ರಿ, ಈಗ ರೀಲ್ಸು ಅಂತಿದ್ದೀರ. ಒಂದು ಕಡೆ ನಿಲ್ಲಿ ಸಾರ್.

ರಾಜಾಜಿನಗರ_ರೆಬೆಲ್

ಎರಡೂ.

ಗಾಂಧಿಕ್ಲಾಸ್_ತಿಪಟೂರು

ಎರಡು ದಿನ ಆಯ್ತು ಉತ್ರ ಕೊಡಕ್ಕೆ, ಕ್ಷಮಿಸಿ. ಕೌನ್ಸೆಲರ್ ಮೇಡಂ, ಊಟ ನಿದ್ದೆ ಎಲ್ಲಾ ಸರಿಯಾಗಿದೆ, ನಿದ್ದೆ ಸ್ವಲ್ಪ ಕಮ್ಮಿ. ಸ್ನೇಹಿತ್ರ ಜೊತೆ ಎರಡು ಗಂಟೆ ಹರಟೆ ಹೊಡೀತೀನಿ, ಅದ್ರಲ್ಲಿ ಏನೂ ತೊಂದ್ರೆ ಇಲ್ಲ.

ಯಾವಾಗಿಂದ ಅಂತ ಕೇಳಿದ್ರಲ್ಲ, ಅದು ಎರಡು ದಿನ ಕೊರೀತು ತಲೇಲಿ. ನಾನು ಐಟಿ, ಸರ್ವರ್ ನೋಡ್ಕೊಳೋ ಟೀಮು, ಹನ್ನೊಂದು ವರ್ಷದಿಂದ ಆನ್‌ಕಾಲ್, ಅಂದ್ರೆ ಯಾವ ಹೊತ್ತಲ್ಲಿ ಸರ್ವರ್ ಕೈ ಕೊಟ್ರೂ ನೋಡ್ಬೇಕು. ಮೂರು ವಾರಕ್ಕೊಂದು ವಾರ ನನ್ ಸರದಿ. ಅಲರ್ಟ್ ಬಂದ್ರೆ ಐದು ನಿಮಿಷದಲ್ಲಿ ನೋಡಿದೆ ಅಂತ ಒತ್ತಬೇಕು, ಇಲ್ಲಾಂದ್ರೆ ಮ್ಯಾನೇಜರ್‌ಗೆ ಹೋಗುತ್ತೆ. 2019ರಲ್ಲಿ ಒಂದ್ ಭಾನುವಾರ, ಬೇರೆಯವನ ಸರದಿ ಅದು, ಅವ್ನಿಗೆ ಜ್ವರ ಅಂತ ನಾನು ತಗೊಂಡಿದ್ದೆ, ತಗೊಂಡಿದ್ದು ಮರೆತು ಹೆಂಡ್ತಿ ಜೊತೆ ಸಿನಿಮಾಗೆ ಹೋದೆ. ಇಂಟರ್ವಲ್ ಆಗಿ ಹತ್ತು ನಿಮಿಷಕ್ಕೆ ಫೋನ್ ಒದ್ದಾಡ್ತು. ಆಚೆ ಬಂದು ಥಿಯೇಟರ್ ಮೆಟ್ಲ ಮೇಲೆ ಕೂತು ಫೋನಲ್ಲೇ ಹಾಟ್‌ಸ್ಪಾಟ್ ಹಾಕ್ಕೊಂಡು, ಲ್ಯಾಪ್‌ಟಾಪ್ ಕಾರಲ್ಲಿತ್ತು ಪುಣ್ಯಕ್ಕೆ, ಕೆಲಸ ಮುಗಿಸೋ ಹೊತ್ಗೆ ಜನ ಆಚೆ ಬರ್ತಿದ್ರು. ಆ ಸಿನಿಮಾ ಕೊನೆ ಏನಾಯ್ತು ಅಂತ ಇವತ್ತಿಗೂ ಗೊತ್ತಿಲ್ಲ, ಹೆಂಡ್ತಿ ಹೇಳಕ್ಕೆ ಬಂದ್ಲು, ಬೇಡ ನಾನೇ ನೋಡ್ತೀನಿ ಅಂದೆ. ನೋಡ್ಲಿಲ್ಲ.

ಅದಾದ್ಮೇಲೆ ಪೂರ್ತಿ ನೋಡಿದ್ದು ಒಂದೂ ನೆನಪಿಗೆ ಬರ್ತಿಲ್ಲ. ನನ್ ಸರದಿ ಇಲ್ದಿರೋ ವಾರದಲ್ಲೂ. ಫೋನ್ ನೋಡೋದು ಖುಷಿಗೆ ಅಂತ ಅನ್ಕೊಂಡಿದ್ದೆ, ಅಲ್ಲ, ಏನೂ ಆಗಿಲ್ಲ ತಾನೇ ಅಂತ ನೋಡೋದು. ಆಗಿಲ್ಲ ಅಂತ ಗೊತ್ತಾದ್ಮೇಲೆ, ಹೆಂಗೂ ತೆಗ್ದಿದ್ದೀನಲ್ಲ ಅಂತ ಉಳಿದಿದ್ದೆಲ್ಲ.

ಎರಡ್ಮಕ್ಕಳ_ತಾಯಿ_ಮೈಸೂರು

ಅಯ್ಯೋ ಇದು ನಂದೇ ಕತೆ ಅಣ್ಣ. ಮಗು ಅಳುತ್ತಾ ಅಂತ ಒಂದು ಕಿವಿ ಯಾವಾಗ್ಲೂ ರೂಮಿನ ಕಡೆ. ಅಳ್ದಿದ್ರೂ ಅತ್ತಂಗೆ ಕೇಳ್ಸುತ್ತೆ.

ಕೌನ್ಸೆಲರ್_ಶಿವಮೊಗ್ಗ

ಇದನ್ನ ಗಮನದ ಕೊರತೆ ಅಂತ ನಾನು ಕರೆಯಲ್ಲ. ನೀವಿಬ್ಬರೂ ಕಾವಲು ಕಾಯ್ತಿದ್ದೀರ. ಹೊಲದಲ್ಲಿ ಹಂದಿ ಕಾಯೋನು ಅಟ್ಟಣಿಗೆ ಮೇಲೆ ಕೂತು ಕತೆ ಕೇಳ್ತಾ ಮೈ ಮರೆಯೋಕಾಗುತ್ತಾ? ನಿಮ್ಮ ಸರದಿ ಇಲ್ದಿರೋ ವಾರ, ಅಲರ್ಟ್ ಬರೋ ಆಪ್ ಲಾಗೌಟ್ ಮಾಡಿ, ಯಾರದ್ದು ಸರದಿ ಅಂತ ಒಂದು ಚೀಟೀಲಿ ಬರೆದು ಟಿವಿ ಪಕ್ಕ ಅಂಟಿಸಿ. ನಗಬೇಡಿ, ತಲೆಗೆ ಗೊತ್ತಿದ್ರೂ ಕೈಗೆ ಗೊತ್ತಾಗಲ್ಲ. ಮೊದಲನೇ ಸಲವೇ ಮನೇಲಿ ಪ್ರಯತ್ನ ಮಾಡಬೇಡಿ, ಎದ್ದು ಹೋಗೋಕೆ ಮುಜುಗರ ಆಗೋ ಜಾಗಕ್ಕೆ ಹೋಗಿ.

ಕುಂದಾಪ್ರ_ಚಾ

ಸಾಲಿನ ಮಧ್ಯದ ಸೀಟು ತೆಕ್ಕೊಳ್ಳಿ. ಏಳ್ಬೇಕಾದ್ರೆ ಹತ್ತು ಜನರ ಕಾಲು ತುಳಿಬೇಕು ಹಾಗೆ.

ಗಾಂಧಿಕ್ಲಾಸ್_ತಿಪಟೂರು

ಅಪ್ಡೇಟ್, ಹನ್ನೆರಡು ದಿನ ಆದ್ಮೇಲೆ.

ನಿನ್ನೆ ರಜ ಹಾಕಿ ಮಾಗಡಿ ರೋಡ್ ಕಡೆ ಒಂದು ಹಳೇ ಥಿಯೇಟರಲ್ಲಿ ಮಾರ್ನಿಂಗ್ ಶೋಗೆ ಹೋದೆ, ಒಬ್ನೇ. ಈ ವಾರ ನನ್ ಸರದಿ ಅಲ್ಲ, ಮೂರು ಸಲ ಚೆಕ್ ಮಾಡ್ದೆ. ಫೋನ್ ಆಫ್ ಮಾಡಿ ಸ್ಕೂಟರ್ ಡಿಕ್ಕೀಲಿ ಹಾಕಿ ಬೀಗ. ಒಳಗೆ ನಾವು ಒಟ್ಟು ಹದಿನಾಲ್ಕು ಜನ, ಮಧ್ಯದ ಸೀಟಲ್ಲಿ ಕೂತ್ರೂ ಕಾಲು ತುಳಿಯಕ್ಕೆ ಯಾರೂ ಇರ್ಲಿಲ್ಲ.

ಫಸ್ಟ್ ಹಾಫ್ ನರಕ. ಜೇಬಿಗೆ ಕೈ ಹನ್ನೊಂದು ಸಲ ಹೋಯ್ತು, ಎಣಿಸ್ದೆ. ಎರಡು ಸಲ ತೊಡೆ ಹತ್ರ ಫೋನ್ ವೈಬ್ರೇಟ್ ಆಯ್ತು, ಫೋನ್ ಡಿಕ್ಕೀಲಿದೆ! ಇಂಟರ್ವಲ್ಲಲ್ಲಿ ಪಾರ್ಕಿಂಗ್ ತನಕ ಹೋಗಿ, ಸ್ಕೂಟರ್ ಮುಟ್ಟಿ, ವಾಪಸ್ ಬಂದು ಪಫ್ಸ್ ತಿಂದೆ.

ಸೆಕೆಂಡ್ ಹಾಫಲ್ಲಿ ಕರೆಂಟೋ ಮಷಿನ್ನೋ ಹೋಗಿ ಪರ್ದೆ ಕಪ್ಪಾಯ್ತು. ಹದಿಮೂರು ಜನರೂ ಒಟ್ಟಿಗೆ ಫೋನ್ ತೆಗೆದ್ರು, ಮುಖಗಳೆಲ್ಲ ನೀಲಿ. ನನ್ ಹತ್ರ ಏನೂ ಇಲ್ಲ. ಸುಮ್ನೆ ಅವ್ರನ್ನ ನೋಡ್ತಾ ಕೂತೆ. ಹಿಂದಿಂದ ಯಾರೋ ವಯಸ್ಸಾದವ್ರು ವಿಷಲ್ ಹೊಡೆದು "ಲೇ ಹಾಕ್ರೋ" ಅಂದ್ರು, ನಾನೂ ಕೂಗ್ದೆ, ಇಪ್ಪತ್ತು ವರ್ಷ ಆಗಿತ್ತೇನೋ ಹಂಗೆ ಕೂಗಿ. ಮತ್ತೆ ಬಂತು ಪಿಕ್ಚರು. ಅಲ್ಲಿಂದ ಮುಂದೆ ಕೈ ಎಷ್ಟು ಸಲ ಹೋಯ್ತು ಅಂತ ಗೊತ್ತಿಲ್ಲ, ಎಣಿಸ್ಲಿಲ್ಲ. ಆದ್ರೆ ಕೊನೇ ಇಪ್ಪತ್ತು ನಿಮಿಷ ಇಲ್ಲಿ ಬಂದು ಏನು ಬರೀಲಿ ಅಂತ ಯೋಚ್ನೆ ಮಾಡ್ತಿದ್ದೆ, ಸುಳ್ಳು ಹೇಳಲ್ಲ.

ಗಿರ್ಮಿಟ್_ಅಕ್ಕ

ಅಂದ್ರ ಕಡೀಕ ಹೊರಗ ಬಂದಾಗ ಬಿಸಲ ಚುಚ್ಚಿತೇನ್ರಿ ಕಣ್ಣಿಗೆ?

ಗಾಂಧಿಕ್ಲಾಸ್_ತಿಪಟೂರು

ಮೋಡ ಆಗಿತ್ತು ಅಕ್ಕ.

ರಾಜಾಜಿನಗರ_ರೆಬೆಲ್

ಸಿನಿಮಾ ಹೆಂಗಿತ್ತು ಅಂತ ಹೇಳ್ಲೇ ಇಲ್ಲ.

ಗಾಂಧಿಕ್ಲಾಸ್_ತಿಪಟೂರು

ಸುಮಾರು. ಹೀರೋ ಬರೋದು ಹತ್ತು ನಿಮಿಷ ಸ್ಲೋ ಮೋಷನ್ನು, ನೀವು ಹೇಳ್ದಂಗೇ.

ಟೂಎಕ್ಸ್_ಹೈದ

ಅಂಕಲ್ ಡಿಕ್ಕೀಲಿ ಫೋನ್ ಇಡ್ಬೇಡಿ, ನಮ್ ಏರಿಯಾದಲ್ಲಿ ಸ್ಕ್ರೂಡ್ರೈವರ್ ಹಾಕಿ ಎತ್ತಿಬಿಡ್ತಾರೆ. ಮುಂದಿನ ಸಲ ಹೇಳಿ, ನಾನೂ ಬರ್ತೀನಿ, ನಂದು ನೀವಿಟ್ಕೊಳ್ಳಿ ನಿಮ್ದು ನಾನಿಟ್ಕೋತೀನಿ.

ಗಾಂಧಿಕ್ಲಾಸ್_ತಿಪಟೂರು

ಬಾರಪ್ಪ. 28ನೇ ತಾರೀಕಿನ ತನಕ ನನ್ ಸರದಿ ಇಲ್ಲ. ಆದ್ರೆ ಹಾಡು ಬಂದಾಗ ಮುಂದಕ್ಕೆ ಓಡಿಸು ಅಂತ ಕೇಳ್ಬೇಡ.